ಮೈಲಿಗೂ ಮೈಲಿಗೆ

ವಿಮಾನದ ಟಿಕೆಟ್ಟಿನ ಒಂದು ಮೂಲೆಯಲ್ಲಿ ಹದಿಮೂರು ಅಂಕಿಗಳ ಸಂಖ್ಯೆ ಇರುತ್ತದೆ. ಹೊರಡುವ ಹೊತ್ತು, ಸೀಟು, ಲಗೇಜಿನ ತೂಕ ನೋಡುವ ಅವಸರದಲ್ಲಿ ಅದರತ್ತ ಯಾರೂ ಕಣ್ಣು ಹಾಯಿಸುವುದಿಲ್ಲ. ಆದರೆ ಅದರ ಮೊದಲ ಮೂರು ಅಂಕಿಗಳಲ್ಲಿ ಟಿಕೆಟ್ಟಿನ ಗೋತ್ರವಿದೆ. 098 ಎಂದಿದ್ದರೆ ಏರ್ ಇಂಡಿಯಾ, 125 ಬ್ರಿಟಿಷ್ ಏರ್‌ವೇಸ್, 220 ಲುಫ್ತಾನ್ಸಾ, 001 ಅಮೆರಿಕನ್ ಏರ್‌ಲೈನ್ಸ್, 016 ಯುನೈಟೆಡ್. ಪ್ರಯಾಣಿಕ ಯಾರ ವಿಮಾನದಲ್ಲಿ ಕೂತ ಎಂಬುದು ಇದರಿಂದ ತಿಳಿಯದು. ಟಿಕೆಟ್ ಬರೆದುಕೊಟ್ಟವರು ಯಾರು, ಹಣ ಯಾರ ಕೈ ಸೇರಿತು ಎಂಬುದು ತಿಳಿಯುತ್ತದೆ.

ಈಗ ಆ ವಿಮಾನ ರದ್ದಾಯಿತೆನ್ನೋಣ. ಎಂಜಿನ್ ಕೆಟ್ಟಿರಬಹುದು, ಪೈಲಟ್‌ಗಳು ಮುಷ್ಕರ ಹೂಡಿರಬಹುದು, ಕಂಪ್ಯೂಟರು ಕೈಕೊಟ್ಟಿರಬಹುದು. ಕೌಂಟರಿನ ಮುಂದೆ ಮೂರು ತಾಸು ಸಾಲಿನಲ್ಲಿ ನಿಂತ ಮೇಲೆ ಸಿಬ್ಬಂದಿ ಬೇರೊಂದು ಕಂಪನಿಯ ವಿಮಾನದಲ್ಲಿ ಸೀಟು ಹಿಡಿದುಕೊಡುತ್ತಾರೆ. ಪ್ರಯಾಣಿಕ ನಿಟ್ಟುಸಿರು ಬಿಟ್ಟು ಹತ್ತುತ್ತಾನೆ, ಊರು ಮುಟ್ಟುತ್ತಾನೆ. ಎರಡು ವಾರ ಕಳೆದು, ಹಾರಾಟಕ್ಕೆ ಪ್ರತಿಫಲವಾಗಿ ಮೈಲಿ ಜಮೆಯಾಗುವ ಫ್ರೀಕ್ವೆಂಟ್ ಫ್ಲೈಯರ್ ಖಾತೆ ತೆರೆದು ನೋಡಿದರೆ, ಅಲ್ಲಿ ಆ ಪ್ರಯಾಣ ನಡೆದೇ ಇಲ್ಲ. ಹಣ ಪಡೆದವರು ಒಬ್ಬರು, ಹಾರಿಸಿದವರು ಇನ್ನೊಬ್ಬರು, ಮೈಲಿ ಮಾತ್ರ ಇಬ್ಬರಲ್ಲೂ ಇಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವುದುಂಟು. ಇಲ್ಲಿ ಜಗಳವೂ ಇಲ್ಲದೆ ಕೂಸು ಬಡವಾಗಿದೆ.

ಇದಕ್ಕೆ ವಿಮಾನಯಾನ ಲೋಕದಲ್ಲಿ ಒಂದು ಮದ್ದಿದೆ. ‘ಒರಿಜಿನಲ್ ರೂಟಿಂಗ್ ಕ್ರೆಡಿಟ್’ ಎಂದು ಅದರ ಹೆಸರು. ಮೂಲಮಾರ್ಗದ ಜಮೆ ಎನ್ನಬಹುದು. ಕಂಪನಿಯ ಕಾರಣದಿಂದ ಬೇರೆಯವರ ವಿಮಾನ ಹತ್ತಬೇಕಾಗಿ ಬಂದರೆ, ಮೊದಲು ಕೊಂಡ ಟಿಕೆಟ್ಟಿನಂತೆಯೇ ಹಾರಿದ್ದರೆ ಎಷ್ಟು ಮೈಲಿ ಸಿಗುತ್ತಿತ್ತೋ ಅಷ್ಟನ್ನು ಖಾತೆಗೆ ಹಾಕುವ ಪದ್ಧತಿ ಇದು. ಅಮೆರಿಕದ ದೊಡ್ಡ ಕಂಪನಿಗಳಲ್ಲೂ ಬ್ರಿಟಿಷ್ ಏರ್‌ವೇಸ್‌ನಲ್ಲೂ ಯಾವುದಾದರೊಂದು ರೂಪದಲ್ಲಿ ಬಹುಕಾಲದಿಂದ ನಡೆದುಬಂದಿದೆ. ತತ್ವದಲ್ಲಿ ಇದಕ್ಕಿಂತ ನ್ಯಾಯವಾದದ್ದು ಇನ್ನೊಂದಿಲ್ಲ. ಆದರೆ ಅದಕ್ಕೆ ಅಂಟಿಕೊಂಡ ಷರತ್ತೊಂದಿದೆ: ಕೇಳಿದವರಿಗೆ ಮಾತ್ರ. ಪದ್ಧತಿ ಕೆಟ್ಟಿರುವುದು ಅಲ್ಲಿಯೇ.

ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು ಒಂದು ಲೆಕ್ಕದಲ್ಲಿ ನೋಡಬಹುದು. ಬೆಂಗಳೂರಿನಿಂದ ಲಂಡನ್ ಮೂಲಕ ಷಿಕಾಗೊಗೆ ಒಂದು ಟಿಕೆಟ್. ಬರೆದುಕೊಟ್ಟದ್ದು ಅಮೆರಿಕನ್ ಏರ್‌ಲೈನ್ಸ್, ಮೊದಲ ಅಂಕಿಗಳು 001. ತೆರಿಗೆ ಬಿಟ್ಟು ದರ 1,000 ಡಾಲರ್ ಎಂದಿಟ್ಟುಕೊಳ್ಳಿ. ಆ ಕಂಪನಿ 2016ರ ಆಗಸ್ಟಿನಲ್ಲಿ ತಂದ ಲೆಕ್ಕದಂತೆ ಸಾಮಾನ್ಯ ಸದಸ್ಯನಿಗೆ ಡಾಲರಿಗೆ 5 ಮೈಲಿ, ಒಟ್ಟು 5,000. ದಾರಿಯ ಉದ್ದ ಸುಮಾರು 8,950 ಮೈಲಿ. ಲಂಡನ್ ವಿಮಾನ ರದ್ದಾಗಿ, ಅದೇ ಒನ್‌ವರ್ಲ್ಡ್ ಒಕ್ಕೂಟದ ಕತಾರ್ ಏರ್‌ವೇಸ್‌ನಲ್ಲಿ ದೋಹಾ ಮೂಲಕ ಕಳಿಸಿದರೆ ದೂರ ಸುಮಾರು 9,000. ಇಂಥ ಪಾಲುದಾರ ಕಂಪನಿಯ ವಿಮಾನಕ್ಕೆ ಮೈಲಿ ಎಣಿಸುವುದು ದೂರದ ಮೇಲೆ, ಅದೂ ಬುಕಿಂಗ್ ಕ್ಲಾಸಿನ ಅಕ್ಷರ ನೋಡಿಕೊಂಡು. ಅಗ್ಗದ ಅಕ್ಷರಗಳಿಗೆ ದೂರದ ಕಾಲುಭಾಗವಷ್ಟೇ ಕೊಡುವುದು ರೂಢಿ, ಹಾಗಾದರೆ 2,250. ಗಡಿಬಿಡಿಯಲ್ಲಿ ಸಿಬ್ಬಂದಿ ಪೂರ್ಣದರದ ‘ವೈ’ ಅಕ್ಷರದಲ್ಲಿ ಕೂರಿಸಿದ್ದರೆ 9,000. ಒಕ್ಕೂಟದ ಹೊರಗಿನ ಲುಫ್ತಾನ್ಸಾದಲ್ಲಿ ಫ್ರಾಂಕ್‌ಫರ್ಟ್ ಮೂಲಕ ಕಳಿಸಿದ್ದರೆ ಸೊನ್ನೆ.

ಟಿಕೆಟ್ ಒಂದೇ, ದುಡ್ಡು ಒಂದೇ, ಪಟ್ಟ ಪಾಡೂ ಒಂದೇ. ಫಲ ಮಾತ್ರ ಸೊನ್ನೆಯಿಂದ 9,000ದವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ಅದನ್ನು ತೀರ್ಮಾನಿಸುವುದು ಪ್ರಯಾಣಿಕನ ನಿಷ್ಠೆಯೂ ಅಲ್ಲ, ಕಂಪನಿಯ ನೀತಿಯೂ ಅಲ್ಲ. ಮಧ್ಯರಾತ್ರಿಯ ಕೌಂಟರಿನಲ್ಲಿ ಕೂತ ದಣಿದ ನೌಕರರೊಬ್ಬರ ಪರದೆಯ ಮೇಲೆ ಆ ಕ್ಷಣಕ್ಕೆ ಯಾವ ಸೀಟು ಕಂಡಿತು ಎಂಬುದು.

ಹೀಗೇಕಾಯಿತು ಎಂದು ತಿಳಿಯಲು ಇತಿಹಾಸದತ್ತ ಒಮ್ಮೆ ತಿರುಗಬೇಕು. ಅಮೆರಿಕದಲ್ಲಿ ವಿಮಾನದರವನ್ನು ಸರ್ಕಾರವೇ ಗೊತ್ತುಮಾಡುತ್ತಿದ್ದ ಕಾಲದಲ್ಲಿ ಕಂಪನಿಗಳು ಸಿವಿಲ್ ಏರೋನಾಟಿಕ್ಸ್ ಬೋರ್ಡಿಗೆ ದರಪಟ್ಟಿ ಸಲ್ಲಿಸುತ್ತಿದ್ದವು. ಅದರಲ್ಲಿನ 240ನೇ ನಿಯಮ ಪ್ರಯಾಣಿಕರ ಬಾಯಲ್ಲಿ ‘ರೂಲ್ 240’ ಎಂದೇ ಹೆಸರಾಯಿತು. ವಿಮಾನ ತಪ್ಪಿದರೆ ಬೇರೆ ಕಂಪನಿಯ ವಿಮಾನದಲ್ಲಾದರೂ ಕಳಿಸಬೇಕೆಂಬುದು ಅದರ ಸಾರ. ಸರ್ಕಾರಿ ಬಸ್ಸು ದಾರಿಯಲ್ಲಿ ಕೆಟ್ಟು ನಿಂತರೆ ಕಂಡಕ್ಟರ್ ಹಿಂದೆ ಬರುವ ಬಸ್ಸಿಗೆ ಕೈಯೊಡ್ಡಿ ಅದೇ ಟಿಕೆಟ್ಟಿನಲ್ಲಿ ಹತ್ತಿಸಿ ಕಳಿಸುವುದಿಲ್ಲವೇ, ಹಾಗೆ. 1978ರ ಕಾಯ್ದೆ ದರದ ಮೇಲಿನ ಸರ್ಕಾರಿ ಹಿಡಿತವನ್ನು ಸಡಿಲಿಸಿತು, ಕೆಲವೇ ವರ್ಷಗಳಲ್ಲಿ ಬೋರ್ಡೂ ಬಾಗಿಲು ಹಾಕಿತು. ಅಲ್ಲಿಂದ ಮುಂದೆ 240ನೇ ನಿಯಮ ಕಾನೂನಾಗಿ ಉಳಿಯದೆ, ಪ್ರತಿ ಕಂಪನಿಯ ಒಪ್ಪಂದಪತ್ರದ ಒಂದು ಷರತ್ತಾಗಿ ಸಣ್ಣಗಾಯಿತು.

ದರ ಸ್ವತಂತ್ರವಾದಾಗ ಗಿರಾಕಿಯನ್ನು ಕಟ್ಟಿಹಾಕುವ ಹಗ್ಗ ಬೇಕಾಯಿತು. 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ‘ಅಡ್ವಾಂಟೇಜ್’ ಯೋಜನೆ ಹೊರತಂದಿತು. ದಿನಗಳೊಳಗೆ ಯುನೈಟೆಡ್ ತನ್ನ ‘ಮೈಲೇಜ್ ಪ್ಲಸ್’ ತಂದಿತು. ಹಾರಿದಷ್ಟು ದೂರ ಅಷ್ಟು ಮೈಲಿ, ಕೂಡಿಸಿದರೆ ಒಂದು ಪುಕ್ಕಟೆ ಪ್ರಯಾಣ. ಲೆಕ್ಕ ಮಗುವಿಗೂ ಅರ್ಥವಾಗುವಂತಿತ್ತು. ಆ ಲೆಕ್ಕದಲ್ಲಿ ಒಂದು ತರ್ಕವೂ ಇತ್ತು: ಹಾರಿಸಿದವರು ಮೈಲಿ ಕೊಡಬೇಕು. ಬೇರೆ ಕಂಪನಿ ಹಾರಿಸಿದರೆ ಮೂಲ ಕಂಪನಿ ಯಾಕೆ ಕೊಡಬೇಕು? ಕೊಟ್ಟರೆ ಅದು ಸೌಜನ್ಯ. ಮೂಲಮಾರ್ಗದ ಜಮೆ ಹುಟ್ಟಿದ್ದು ಈ ಸೌಜನ್ಯದ ಮನೆಯಲ್ಲಿ. ಅದಕ್ಕೇ ಅದು ಇಂದಿಗೂ ಹಕ್ಕಿನ ಭಾಷೆಯಲ್ಲಿ ಮಾತಾಡದೆ ವಿನಂತಿಯ ಭಾಷೆಯಲ್ಲಿ ಮಾತಾಡುತ್ತದೆ.

ಆಗ ದಾಖಲೆಯೂ ಕಾಗದದ್ದೇ. ವಿಮಾನ ರದ್ದಾದಾಗ ‘ಫ್ಲೈಟ್ ಇಂಟರಪ್ಷನ್ ಮ್ಯಾನಿಫೆಸ್ಟ್’ ಎಂಬ ಹಾಳೆ ಬರೆದು, ಇಂಥವರನ್ನು ಇಂತಿಂಥ ವಿಮಾನಕ್ಕೆ ಹತ್ತಿಸಿಕೊಳ್ಳಿ, ಲೆಕ್ಕ ಆಮೇಲೆ ನೋಡೋಣ ಎಂದು ಇನ್ನೊಂದು ಕಂಪನಿಗೆ ಕೊಡುತ್ತಿದ್ದರು. ಸುಸ್ತಾದ ಗುಮಾಸ್ತ ಕೈಯಲ್ಲಿ ಗೀಚಿದ ಆ ಹಾಳೆಯಿಂದ ಸದಸ್ಯತ್ವದ ಸಂಖ್ಯೆ ಹುಡುಕಿ ಮೈಲಿ ಹಾಕುವುದು ಆಗದ ಮಾತು. ಪ್ರಯಾಣಿಕನೇ ಬೋರ್ಡಿಂಗ್ ಪಾಸಿನ ತುಂಡು ಲಗತ್ತಿಸಿ ಪತ್ರ ಬರೆಯಬೇಕೆಂದರೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ 2008ರ ಜೂನ್ 1ರಿಂದ ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಐಎಟಿಎ ಕಾಗದದ ಟಿಕೆಟ್ಟಿಗೆ ವಿದಾಯ ಹೇಳಿತು. ಇವತ್ತು ಬಲವಂತವಾಗಿ ಮಾರ್ಗ ಬದಲಿಸಿದ ಟಿಕೆಟ್ಟನ್ನು ಸಾಮಾನ್ಯವಾಗಿ ಮೂಲ ಕಂಪನಿಯೇ ಮತ್ತೆ ಬರೆಯುತ್ತದೆ. ಪ್ರಯಾಣಿಕ ಒಪ್ಪಿ ಬದಲಿಸಿದ್ದಲ್ಲ, ಅನಿವಾರ್ಯವಾಗಿ ಬದಲಾದದ್ದು ಎಂಬ ಷರಾ ಅದರ ಮೇಲೆ ಬೀಳುತ್ತದೆ. ಯಾರದೋ ವಿಮಾನ ಹತ್ತಿದರೂ ಮೊದಲ ಮೂರು ಅಂಕಿ ಹಳೆಯವೇ. ಹೆಣ್ಣು ಕೊಟ್ಟ ಮನೆ ಬೇರೆಯಾದರೂ ಟಿಕೆಟ್ಟಿನ ಗೋತ್ರ ಬದಲಾಗುವುದಿಲ್ಲ.

ಹಾಗಾದರೆ ಮೈಲಿ ಏಕೆ ತಾನಾಗಿ ಬರುವುದಿಲ್ಲ? ಬೇರೆ ಒಕ್ಕೂಟದ ವಿಮಾನಕ್ಕೆ ಬುಕಿಂಗ್ ದಾಟುವಾಗ ಸದಸ್ಯತ್ವದ ಸಂಖ್ಯೆ ಉದುರಿಹೋಗುತ್ತದೆ. ಆ ಕಂಪನಿಗೆ ಆ ಸಂಖ್ಯೆಯ ಗುರುತೇ ಇಲ್ಲ. ಒಕ್ಕೂಟದೊಳಗೇ ದಾಟಿದರೆ ಸಂಖ್ಯೆ ಉಳಿಯಬಹುದು, ಆದರೆ ಅಕ್ಷರ ಬದಲಾಗುತ್ತದೆ. 1997ರಲ್ಲಿ ಸ್ಟಾರ್ ಅಲಯನ್ಸ್, 1999ರಲ್ಲಿ ಒನ್‌ವರ್ಲ್ಡ್, 2000ದಲ್ಲಿ ಸ್ಕೈಟೀಮ್ ಹುಟ್ಟಿದ ಮೇಲೆ ಆಕಾಶದಲ್ಲಿ ಮೂರು ಮಠಗಳಾದವು. ಸ್ವಮಠದವರ ಮನೆಯಲ್ಲಿ ಉಂಡರೆ ಪುಣ್ಯ, ಪರಮಠದವರ ಮನೆಯಲ್ಲಿ ಉಂಡರೆ ಮೈಲಿಗೆ. ಹಸಿವಾದವನನ್ನು ಆ ಮನೆಗೆ ಊಟಕ್ಕೆ ಕಳಿಸಿದವರು ತಾವೇ ಎಂಬುದು ಮಾತ್ರ ಇಲ್ಲಿ ಮಠಾಧೀಶರಿಗೆ ನೆನಪಾಗುವುದಿಲ್ಲ.

ಇಷ್ಟಾದರೂ 2015ರವರೆಗೆ ಕಂಪನಿಗಳ ಪರವಾಗಿ ಒಂದು ಮಾತು ಆಡಬಹುದಿತ್ತು. ಮೈಲಿ ದೂರಕ್ಕೆ ಸಿಗುವುದು, ನಾವು ಹಾರಿಸಲಿಲ್ಲ, ಆದ್ದರಿಂದ ಕೊಡಬೇಕಾಗಿಲ್ಲ ಎನ್ನಬಹುದಿತ್ತು. ಆ ವರ್ಷದ ಜನವರಿಯಲ್ಲಿ ಡೆಲ್ಟಾ, ಮಾರ್ಚಿನಲ್ಲಿ ಯುನೈಟೆಡ್ ತಮ್ಮ ಲೆಕ್ಕದ ಬುಡವನ್ನೇ ಬದಲಿಸಿದವು. ದೂರ ಹೋಯಿತು, ದುಡ್ಡು ಬಂತು. ಕೊಟ್ಟ ಪ್ರತಿ ಡಾಲರಿಗೆ ಸಾಮಾನ್ಯ ಸದಸ್ಯನಿಗೆ 5 ಮೈಲಿ, ಮೇಲಿನ ಅಂತಸ್ತಿನವನಿಗೆ 11. ಮರುವರ್ಷ ಅಮೆರಿಕನ್ ಏರ್‌ಲೈನ್ಸ್ ಹಿಂಬಾಲಿಸಿತು. 2018ರಲ್ಲಿ ಲುಫ್ತಾನ್ಸಾದ ‘ಮೈಲ್ಸ್ ಅಂಡ್ ಮೋರ್’, 2023ರಲ್ಲಿ ಬ್ರಿಟಿಷ್ ಏರ್‌ವೇಸ್ ಅದೇ ದಾರಿ ಹಿಡಿದವು. ಏರ್ ಇಂಡಿಯಾ ಕೂಡ 2024ರಲ್ಲಿ ತನ್ನ ಯೋಜನೆಯನ್ನು ಖರ್ಚಿನ ಲೆಕ್ಕಕ್ಕೆ ತಂದಿತು. ಈಗ ಅದರ ಹೆಸರು ಮಹಾರಾಜ ಕ್ಲಬ್. ಮೈಲಿ ಎಂಬ ಹೆಸರು ಉಳಿಯಿತು, ಮೈಲಿಗೂ ದೂರಕ್ಕೂ ಇದ್ದ ನಂಟು ಕಡಿಯಿತು.

ಈ ಬದಲಾವಣೆಯನ್ನು ಸಮರ್ಥಿಸಲು ಕಂಪನಿಗಳು ಕೊಟ್ಟ ಕಾರಣ ಸರಳವಾಗಿತ್ತು: ಹೆಚ್ಚು ಖರ್ಚು ಮಾಡುವವರಿಗೆ ಹೆಚ್ಚು ಪ್ರತಿಫಲ. ಒಪ್ಪೋಣ. ಆದರೆ ಆ ತರ್ಕ ರದ್ದಾದ ವಿಮಾನದ ಬಾಗಿಲಲ್ಲಿ ನಿಂತುಬಿಡುವಂತಿಲ್ಲ. ಖರ್ಚು ಆಗಿದೆ, ಹಣ ಮರಳಿ ಬಂದಿಲ್ಲ, ಟಿಕೆಟ್ ಇನ್ನೂ ಅವರದೇ. ದುಡ್ಡಿಗೆ ಮೈಲಿ ಎಂದ ಮೇಲೆ, ಪ್ರಯಾಣಿಕ ಕೊನೆಗೆ ಯಾರ ರೆಕ್ಕೆಯ ಮೇಲೆ ಹೋದ ಎಂಬ ಪ್ರಶ್ನೆಯೇ ಏಳಬಾರದು. ಲಾಭದ ದಿನ ದುಡ್ಡಿನ ಲೆಕ್ಕ, ನಷ್ಟದ ದಿನ ದೂರದ ಲೆಕ್ಕ ಎಂದರೆ ಅದು ಎರಡು ತಕ್ಕಡಿ ಇಟ್ಟುಕೊಂಡ ಅಂಗಡಿ: ಕೊಳ್ಳುವಾಗ ಒಂದು, ಮಾರುವಾಗ ಇನ್ನೊಂದು.

ತಾಂತ್ರಿಕವಾಗಿ ಆಗುವುದಿಲ್ಲ ಎಂಬ ನೆಪಕ್ಕೂ ಜಾಗವಿಲ್ಲ. ಯುನೈಟೆಡ್ 2015ರಲ್ಲಿ ತಂದ ನಿಯಮವನ್ನೇ ನೋಡಿ. 016ರಿಂದ ಶುರುವಾಗುವ ಟಿಕೆಟ್ಟಾದರೆ, ಹಾರಿದ್ದು ಸ್ಟಾರ್ ಅಲಯನ್ಸ್‌ನ ಪಾಲುದಾರರ ವಿಮಾನವಾದರೂ ಮೈಲಿಯನ್ನು ದರದ ಮೇಲೆಯೇ ಎಣಿಸುವುದು ಎಂದು ಅದು ಗೊತ್ತುಮಾಡಿತು. ಅಂದರೆ ಕಂಪ್ಯೂಟರಿಗೆ ಟಿಕೆಟ್ಟಿನ ಗೋತ್ರ ಓದಲು ಬರುತ್ತದೆ. ಓದು ಎಂದು ಹೇಳಿದ ಕಡೆ ಚೆನ್ನಾಗಿಯೇ ಓದುತ್ತದೆ.

ಕಂಪನಿಗಳ ಮಾತನ್ನೂ ಪೂರ್ತಿ ಕೇಳಬೇಕು. ಪ್ರಯಾಣಿಕನನ್ನು ಬೇರೆ ಕಂಪನಿಗೆ ದಾಟಿಸಿದಾಗ ಆ ಸೀಟಿನ ಹಣವನ್ನು ಮೂಲ ಕಂಪನಿಯೇ ಕೊಡಬೇಕು. ಎಷ್ಟೋ ಬಾರಿ ಅದು ಪ್ರಯಾಣಿಕ ಕೊಟ್ಟ ದರವನ್ನು ಮೀರುತ್ತದೆ. ಅದರ ಮೇಲೆ ಮೈಲಿಯನ್ನೂ ಕೊಡಿ ಎಂದರೆ ಗಾಯದ ಮೇಲೆ ಬರೆಯಲ್ಲವೇ? ಈ ವಾದದಲ್ಲಿ ಸುಳ್ಳಿಲ್ಲ. ದಾಟಿಸುವ ವ್ಯವಹಾರ ಎಷ್ಟು ಕಹಿಯಾಗಬಲ್ಲದು ಎಂಬುದಕ್ಕೆ ಡೆಲ್ಟಾ ಮತ್ತು ಅಮೆರಿಕನ್ ಏರ್‌ಲೈನ್ಸ್ ನಡುವಿನ ಜಗಳವೇ ಸಾಕ್ಷಿ. ನಾವು ಅವರಿಗೆ ಕಳಿಸುವುದಕ್ಕಿಂತ ಬಹಳ ಹೆಚ್ಚು ಜನರನ್ನು ಅವರು ನಮಗೆ ಕಳಿಸುತ್ತಿದ್ದಾರೆ ಎಂಬ ಡೆಲ್ಟಾದ ತಕರಾರಿನ ಮೇಲೆ 2015ರ ಸೆಪ್ಟೆಂಬರಿನಲ್ಲಿ ಇಬ್ಬರ ಒಪ್ಪಂದ ಮುರಿಯಿತು. ಮರುವರ್ಷ ಆಗಸ್ಟಿನಲ್ಲಿ ಡೆಲ್ಟಾದ ಕಂಪ್ಯೂಟರ್ ವ್ಯವಸ್ಥೆ ಕುಸಿದು ಮೂರು ದಿನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ವಿಮಾನ ರದ್ದಾದಾಗ, ಪಕ್ಕದಲ್ಲೇ ನಿಂತಿದ್ದ ಅಮೆರಿಕನ್ ವಿಮಾನಗಳಿಗೆ ಜನರನ್ನು ದಾಟಿಸುವ ದಾರಿಯೇ ಇರಲಿಲ್ಲ. 2017ರ ಜನವರಿಯಲ್ಲಿ ಇಬ್ಬರೂ ಮತ್ತೆ ಕೈ ಕುಲುಕಿದರು.

ಪ್ರಯಾಣಿಕರೂ ಹಾಲಿನಲ್ಲಿ ಮಿಂದವರಲ್ಲ. ಬದಲಿ ವಿಮಾನದ ಕಂಪನಿಯಲ್ಲೂ ಒಂದು ಖಾತೆ ತೆರೆದು ಅಲ್ಲಿ ಹಾರಿದ್ದಕ್ಕೆ ಮೈಲಿ ಪಡೆದು, ಆಮೇಲೆ ಮೂಲ ಕಂಪನಿಗೂ ಅರ್ಜಿ ಹಾಕುವ ಜಾಣರಿದ್ದಾರೆ. ಕಂಪನಿ ಚಾಪೆಯ ಕೆಳಗೆ ತೂರಿದರೆ ಇವರು ರಂಗೋಲಿಯ ಕೆಳಗೆ. ಮೇಲಿನ ಲೆಕ್ಕದಲ್ಲಿ ‘ವೈ’ ಅಕ್ಷರ ಸಿಕ್ಕಿ 5,000ದ ಬದಲು 9,000 ಮೈಲಿ ಬಂದವರು ಯಾರೂ ಹೆಚ್ಚುವರಿ 4,000 ವಾಪಸ್ ತೆಗೆದುಕೊಳ್ಳಿ ಎಂದು ಪತ್ರ ಬರೆಯುವುದಿಲ್ಲ. ಆದರೆ ಈ ಜಾಣತನಕ್ಕೂ ಮದ್ದು ಅದೇ. ಮೂಲ ಟಿಕೆಟ್ಟಿನ ಮೈಲಿ ತಾನಾಗಿ ಜಮೆಯಾಗುವುದಾದರೆ ಒಂದೇ ಪ್ರಯಾಣಕ್ಕೆ ಎರಡು ಕಡೆ ಬೇಡುವ ಅವಕಾಶವೂ ಮುಚ್ಚುತ್ತದೆ, ಅದೃಷ್ಟದ ಅಕ್ಷರದ ಆಟವೂ ನಿಲ್ಲುತ್ತದೆ. ಕಂಪನಿಗಳಿಗೆ ಮೋಸದ ಚಿಂತೆ ನಿಜವಾಗಿದ್ದರೆ ಅರ್ಜಿಯ ಪದ್ಧತಿಯನ್ನು ಮೊದಲು ಕೈಬಿಡಬೇಕಾದವರು ಅವರೇ.

ಹಾಗೆ ಬಿಡದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಅರ್ಜಿ ಹಾಕುವವರು ಕಡಿಮೆ. ಮೂಲ ಟಿಕೆಟ್ ಸಂಖ್ಯೆ, ಹೊಸ ವಿಮಾನದ ಸಂಖ್ಯೆ, ಎರಡರ ಬುಕಿಂಗ್ ಕ್ಲಾಸು, ಬೋರ್ಡಿಂಗ್ ಪಾಸ್ ಇವೆಲ್ಲ ಬೇಕು. ನಿಗದಿತ ಅವಧಿಯೊಳಗೆ ಕಳಿಸಬೇಕು. ಮೊದಲ ಉತ್ತರ ಬಹುಪಾಲು ಯಂತ್ರದ್ದೇ: ಈ ವಿಮಾನ ನಮ್ಮ ಪಾಲುದಾರರದ್ದಲ್ಲ, ಆದ್ದರಿಂದ ಮೈಲಿ ಇಲ್ಲ. ಅಲ್ಲಿಗೆ ಬಿಡದೆ ಮತ್ತೆ ಬರೆದು, ಇದು ಬಲವಂತದ ಬದಲಾವಣೆ ಎಂದು ವಿವರಿಸಿದವರಿಗೆ ಸಿಗುತ್ತದೆ. ಹೀಗೆ ಹೋರಾಡಬಲ್ಲವರು ವರ್ಷಕ್ಕೆ ಐವತ್ತು ಸಲ ಹಾರುವ, ನಿಯಮದ ಸಣ್ಣಕ್ಷರ ಬಾಯಿಪಾಠವಿರುವ ವೃತ್ತಿಪರರು. ಮಗಳ ಬಾಣಂತನಕ್ಕೆಂದು ಮೊದಲ ಸಲ ಅಮೆರಿಕಕ್ಕೆ ಹೊರಟ, ಯಾರೋ ಮಾಡಿಕೊಟ್ಟ ಸದಸ್ಯತ್ವ ಹೊಂದಿರುವ ಮೈಸೂರಿನ ತಾಯಿಗೆ ಅಂಥ ಪದ್ಧತಿ ಇದೆ ಎಂಬುದೇ ಗೊತ್ತಿರುವುದಿಲ್ಲ. ಸೌಲಭ್ಯ ಎಲ್ಲರಿಗೂ ಇದೆ ಎನ್ನುತ್ತದೆ ನಿಯಮಪುಸ್ತಕ. ತಲುಪುವುದು ತಿಳಿದವರಿಗೆ ಮಾತ್ರ.

ಐದು ಸಾವಿರ ಮೈಲಿ ಅಷ್ಟು ದೊಡ್ಡ ಸಂಗತಿಯೇ? ಸಾಮಾನ್ಯ ಅಂದಾಜಿನಲ್ಲಿ ಒಂದು ಮೈಲಿಯ ಬೆಲೆ ಒಂದು ಸೆಂಟಿನ ಆಸುಪಾಸು. ಐದು ಸಾವಿರಕ್ಕೆ ಐವತ್ತು ಡಾಲರ್. ಇದನ್ನು ಚಿಲ್ಲರೆ ಎಂದು ತಳ್ಳಿಹಾಕುವ ಮುನ್ನ ಕಂಪನಿಗಳೇ ಈ ಚಿಲ್ಲರೆಯನ್ನು ಹೇಗೆ ತೂಗುತ್ತವೆ ಎಂದು ನೋಡಬೇಕು. ಕೋವಿಡ್ ಕಾಲದಲ್ಲಿ ವಿಮಾನಗಳೆಲ್ಲ ನೆಲದ ಮೇಲೆ ನಿಂತಾಗ ಅಮೆರಿಕದ ಕಂಪನಿಗಳು ಅಡವಿಟ್ಟದ್ದು ಮೈಲಿ ಯೋಜನೆಗಳನ್ನು. 2020ರಲ್ಲಿ ಯುನೈಟೆಡ್ ತನ್ನ ಮೈಲೇಜ್ ಪ್ಲಸ್ ಮೇಲೆ 6.8 ಬಿಲಿಯನ್ ಡಾಲರ್, ಡೆಲ್ಟಾ ತನ್ನ ಸ್ಕೈಮೈಲ್ಸ್ ಮೇಲೆ 9 ಬಿಲಿಯನ್ ಡಾಲರ್ ಸಾಲ ಎತ್ತಿದವು. 2021ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಅಡ್ವಾಂಟೇಜ್ ಮೇಲೆ 10 ಬಿಲಿಯನ್ ಎತ್ತಿತು. ಕ್ರೆಡಿಟ್ ಕಾರ್ಡ್ ಪಾಲುದಾರಿಕೆಯಿಂದ 2023ರಲ್ಲಿ ಡೆಲ್ಟಾಗೆ ಅಮೆರಿಕನ್ ಎಕ್ಸ್‌ಪ್ರೆಸ್ ಕೊಟ್ಟದ್ದು ಏಳು ಬಿಲಿಯನ್ ಡಾಲರಿನ ಹತ್ತಿರ. ಬ್ಯಾಂಕಿನ ಮುಂದೆ ಮೈಲಿ ಚಿನ್ನ, ಪ್ರಯಾಣಿಕ ಕೇಳಿದಾಗ ಹಿತ್ತಾಳೆ.

ಮೈಲಿಯ ಜೊತೆಗೆ ಅಂತಸ್ತೂ ತೂಗಾಡುತ್ತದೆ. ವರ್ಷದ ಕೊನೆಗೆ ಬೆಳ್ಳಿಯೋ ಚಿನ್ನವೋ ಎಂಬ ದರ್ಜೆ ಮುಟ್ಟಲು ಒಂದೇ ಪ್ರಯಾಣ ಬಾಕಿ ಉಳಿದವರ ಪಾಲಿಗೆ ಡಿಸೆಂಬರಿನ ರದ್ದಾದ ವಿಮಾನ ಐವತ್ತು ಡಾಲರಿನ ಮಾತಾಗಿ ಉಳಿಯುವುದಿಲ್ಲ. ಮುಂದಿನ ವರ್ಷದ ಲೌಂಜು, ಹೆಚ್ಚುವರಿ ಲಗೇಜು, ಮುಂದಿನ ರದ್ದತಿಯ ದಿನ ಸಾಲಿನಲ್ಲಿ ಮುಂದೆ ನಿಲ್ಲುವ ಹಕ್ಕು ಎಲ್ಲವೂ ಅದರೊಡನೆ ಹೋಗುತ್ತವೆ.

ಕಾನೂನು ಇಲ್ಲಿ ಎಷ್ಟು ದೂರ ಬಂದಿದೆ? ಯುರೋಪಿನದೇ ಹೆಚ್ಚು ಗಟ್ಟಿ. ಯುರೋಪಿಯನ್ ಒಕ್ಕೂಟದ 261/2004 ನಿಯಮ ಆದಷ್ಟು ಬೇಗ, ಸರಿಸಮಾನ ಸೌಕರ್ಯದಲ್ಲಿ ಬೇರೆ ಮಾರ್ಗದಲ್ಲಿ ಕಳಿಸಬೇಕೆನ್ನುತ್ತದೆ. ಪರಿಹಾರ 250ರಿಂದ 600 ಯೂರೋ. ಕೆಳದರ್ಜೆಯಲ್ಲಿ ಕೂರಿಸಿದರೆ ಟಿಕೆಟ್ ಬೆಲೆಯ ಶೇ 30, 50 ಅಥವಾ 75 ವಾಪಸ್. ಮೈಲಿ ಕೊಟ್ಟು ಕೊಂಡ ಟಿಕೆಟ್ಟಿಗೂ ರಕ್ಷಣೆ ಉಂಟು. ಬ್ರೆಕ್ಸಿಟ್ ನಂತರ ಬ್ರಿಟನ್ ಕೂಡ ಇದನ್ನು ಉಳಿಸಿಕೊಂಡಿದೆ. 2017ರ ಸೆಪ್ಟೆಂಬರಿನಲ್ಲಿ ರಯಾನ್‌ಏರ್ ಸಾವಿರಾರು ವಿಮಾನ ರದ್ದುಮಾಡಿ, ಬೇರೆ ಕಂಪನಿಯಲ್ಲಿ ಕಳಿಸುವ ಹೊಣೆ ತನ್ನದಲ್ಲ ಎಂಬಂತೆ ನಡೆದುಕೊಂಡಾಗ ಬ್ರಿಟನ್ನಿನ ಸಿವಿಲ್ ಏವಿಯೇಷನ್ ಅಥಾರಿಟಿ ಕ್ರಮದ ಎಚ್ಚರಿಕೆ ಕೊಟ್ಟು ದಾರಿಗೆ ತಂದಿತು. ಮೈಲಿಯಿಂದ ಕೊಂಡದ್ದನ್ನು ಕಾಯುವ ಈ ಕಾನೂನು, ದುಡ್ಡಿನಿಂದ ಗಳಿಸಬೇಕಾದ ಮೈಲಿಯ ವಿಷಯದಲ್ಲಿ ಮಾತ್ರ ಮೌನ.

ಅಮೆರಿಕದಲ್ಲಿ ಸಾರಿಗೆ ಇಲಾಖೆ 2022ರ ಸೆಪ್ಟೆಂಬರಿನಲ್ಲಿ ಕಂಪನಿಗಳ ವಾಗ್ದಾನಗಳ ಪಟ್ಟಿಯೊಂದನ್ನು ಪ್ರಕಟಿಸಿತು. ತಮ್ಮ ತಪ್ಪಿನಿಂದ ರದ್ದಾದರೆ ಪಾಲುದಾರರ ಅಥವಾ ಒಪ್ಪಂದವಿರುವ ಕಂಪನಿಯಲ್ಲಿ ಕಳಿಸುತ್ತೇವೆ ಎಂದು ಡೆಲ್ಟಾ, ಯುನೈಟೆಡ್, ಅಮೆರಿಕನ್, ಅಲಾಸ್ಕಾ ಮುಂತಾದವು ಒಪ್ಪಿದವು. ಸೌತ್‌ವೆಸ್ಟ್, ಸ್ಪಿರಿಟ್, ಫ್ರಾಂಟಿಯರ್ ಒಪ್ಪಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಸೌತ್‌ವೆಸ್ಟ್‌ನ ಸುಮಾರು 17,000 ವಿಮಾನಗಳು ರದ್ದಾಗಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು. ಆಗ ಕಂಪನಿ ಸಮಾಧಾನಕ್ಕೆಂದು ಹಂಚಿದ್ದು ತಲಾ 25,000 ಪಾಯಿಂಟು, ಕೇಳದೆಯೇ. ಮರ್ಯಾದೆ ಹೋಗುವ ಹೊತ್ತಿಗೆ ಪಾಯಿಂಟುಗಳು ಅರ್ಜಿಯಿಲ್ಲದೆ ಖಾತೆಯ ದಾರಿ ಹಿಡಿದವು.

ಕೋರ್ಟಿಗೆ ಹೋಗುವವರ ದಾರಿಯೂ ಕಿರಿದು. 1995ರ ವೋಲೆನ್ಸ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಮೈಲಿ ಯೋಜನೆಯ ಕರಾರನ್ನು ಕಂಪನಿ ಮುರಿದರೆ ದಾವೆ ಹೂಡಬಹುದು ಎಂದಿತು. ಆದರೆ 2014ರ ಗಿನ್ಸ್‌ಬರ್ಗ್ ಮೊಕದ್ದಮೆಯಲ್ಲಿ, ಪದೇಪದೇ ದೂರು ಕೊಡುತ್ತಿದ್ದ ಸದಸ್ಯರೊಬ್ಬರನ್ನು ನಾರ್ತ್‌ವೆಸ್ಟ್ ಏರ್‌ಲೈನ್ಸ್ ಹೊರಹಾಕಿದ್ದನ್ನು ಪ್ರಶ್ನಿಸಿದಾಗ, ಸದ್ಭಾವದಿಂದ ನಡೆದುಕೊಳ್ಳಬೇಕೆಂಬ ರಾಜ್ಯದ ಕಾನೂನಿನ ಆಧಾರ ಇಲ್ಲಿ ನಿಲ್ಲದು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಬರೆದ ಕರಾರೇ ಗತಿ. ಮೂಲಮಾರ್ಗದ ಜಮೆ ನಮ್ಮ ವಿವೇಚನೆಗೆ ಬಿಟ್ಟದ್ದು ಎಂದು ಕರಾರು ಬರೆದಿದ್ದರೆ ಅಲ್ಲಿಗೆ ಮುಗಿಯಿತು.

ಭಾರತದಲ್ಲಿ ಈ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮ ಬದಲಿ ವಿಮಾನ ಅಥವಾ ಹಣ ವಾಪಸ್ ಎನ್ನುತ್ತದೆ; ಮೊದಲೇ ತಿಳಿಸದೆ ರದ್ದುಮಾಡಿದರೆ ಹಾರಾಟದ ಅವಧಿ ನೋಡಿ ಗರಿಷ್ಠ 5,000, 7,500 ಅಥವಾ 10,000 ರೂಪಾಯಿ ಪರಿಹಾರ. ಮೈಲಿಯ ಮಾತಿಲ್ಲ. 2025ರ ಡಿಸೆಂಬರಿನ ಮೊದಲ ವಾರ ಇಂಡಿಗೊ ವಿಮಾನಗಳು ರಾಶಿರಾಶಿಯಾಗಿ ರದ್ದಾಗಿ, ಒಂದೇ ದಿನ ಸಾವಿರಕ್ಕೂ ಹೆಚ್ಚು ನಿಂತಾಗ, ಬೆಂಗಳೂರಿನ ಕೆಂಪೇಗೌಡ ನಿಲ್ದಾಣವೂ ಸೇರಿ ಎಲ್ಲೆಡೆ ಜನ ಹಣ ವಾಪಸ್ ಪಡೆದು ತಾವೇ ಬೇರೆ ಕಂಪನಿಯ ಟಿಕೆಟ್ಟಿಗೆ ಓಡಿದರು. ದರ ಗಗನಕ್ಕೇರಿ ಸರ್ಕಾರ 7,500ರಿಂದ 18,000 ರೂಪಾಯಿಯ ಮಿತಿ ಹಾಕಬೇಕಾಯಿತು. ಹೀಗೆ ತಾವೇ ಕೊಂಡವರಿಗೆ ಮೂಲಮಾರ್ಗದ ಜಮೆ ಅನ್ವಯಿಸುವುದೇ ಇಲ್ಲ. ಹಣ ವಾಪಸ್ ಪಡೆದೊಡನೆ ಹಳೆಯ ಟಿಕೆಟ್ಟಿನ ಸಂಬಂಧ ಕಡಿಯಿತು, ಮೈಲಿಯೂ ಅದರೊಡನೆ ಹೋಯಿತು.

ಕನ್ನಡದ ನೆಲದಲ್ಲೇ ಹುಟ್ಟಿದ ಒಂದು ಪಾಠವೂ ಇದೆ. 2005ರ ಮೇ ತಿಂಗಳಲ್ಲಿ ಹಾರಾಟ ಶುರುಮಾಡಿದ, ಬೆಂಗಳೂರಿನ ಕಿಂಗ್‌ಫಿಷರ್ 2012ರ ಫೆಬ್ರವರಿಯಲ್ಲಿ ಒನ್‌ವರ್ಲ್ಡ್ ಒಕ್ಕೂಟ ಸೇರಬೇಕಿತ್ತು. ಸೇರಿದ್ದರೆ ಅದರ ಮೈಲಿ ಯೋಜನೆಯಾದ ಕಿಂಗ್ ಕ್ಲಬ್ ಸದಸ್ಯರ ಮೈಲಿಗೆ ಇಡೀ ಒಕ್ಕೂಟದ ಬಾಗಿಲು ತೆರೆಯುತ್ತಿತ್ತು. ಕೆಲವೇ ದಿನ ಮೊದಲು ಅದು ಮುಂದಕ್ಕೆ ಹೋಯಿತು. ಅಕ್ಟೋಬರಿನಲ್ಲಿ ಕಂಪನಿಯ ವಿಮಾನಗಳೇ ನೆಲಕ್ಕಿಳಿದವು. ಮೈಲಿಗೆ ಬೇರೆಯವರ ಮನೆ ಸಿಗುವ ಮುನ್ನ ಸ್ವಂತ ಮನೆಯೇ ಬಿತ್ತು. 2019ರ ಏಪ್ರಿಲಿನಲ್ಲಿ ನಿಂತ ಜೆಟ್ ಏರ್‌ವೇಸ್‌ನ ಕಥೆ ಬೇರೆ. ಅದರ ಮೈಲಿ ಯೋಜನೆ ಪ್ರತ್ಯೇಕ ಕಂಪನಿಯಾಗಿದ್ದು, ಎತಿಹಾದ್ ಅದರಲ್ಲಿ ಬಹುಪಾಲು ಹೊಂದಿತ್ತು. ವಿಮಾನ ಹೋದರೂ ಯೋಜನೆ ಇಂಟರ್‌ಮೈಲ್ಸ್ ಎಂದು ಹೆಸರು ಬದಲಿಸಿಕೊಂಡು ಉಳಿಯಿತು. ಮೈಲಿಯ ಲೆಕ್ಕವನ್ನು ಹಾರಾಟದಿಂದ ಬೇರ್ಪಡಿಸಿ ಇಡಬಹುದು ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಡ.

ಒಟ್ಟಾರೆ ಮೂಲಮಾರ್ಗದ ಜಮೆ ಒಳ್ಳೆಯ ಪದ್ಧತಿ; ಅದನ್ನು ನಡೆಸುತ್ತಿರುವ ರೀತಿ ಒಳ್ಳೆಯದಲ್ಲ. ಕಾಗದದ ಕಾಲದ ಅರ್ಜಿಯನ್ನು ಅದು ಇನ್ನೂ ಬಿಟ್ಟಿಲ್ಲ, ದೂರದ ಕಾಲದ ಸೌಜನ್ಯವನ್ನು ದುಡ್ಡಿನ ಕಾಲದಲ್ಲೂ ಸೌಜನ್ಯವೆಂದೇ ಕರೆಯುತ್ತಿದೆ. ಬಲವಂತದ ಬದಲಾವಣೆ ಎಂಬ ಷರಾ ಬಿದ್ದ ಟಿಕೆಟ್ಟಿಗೆ ಮೂಲ ದರದ ಮೈಲಿ ತಾನಾಗಿ ಬೀಳಬೇಕು. ಅದಕ್ಕೆ ಬೇಕಾದ ಅಂಕಿಗಳೂ ಷರಾಗಳೂ ಕಂಪನಿಯ ಬಳಿ ಈಗಾಗಲೇ ಇವೆ.

ಅಲ್ಲಿಯವರೆಗೆ ಕೆಲಸ ಪ್ರಯಾಣಿಕರದ್ದೇ. ವಿಮಾನ ರದ್ದಾದ ಕೂಡಲೇ ಹಳೆಯ ಟಿಕೆಟ್ಟಿನ ಪುಟವನ್ನು ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಮತ್ತೆ ಬರೆದ ಮೇಲೆ ಹಳೆಯ ಬುಕಿಂಗ್ ಕ್ಲಾಸು ಪರದೆಯಿಂದ ಮಾಯವಾಗುತ್ತದೆ. ಬೇರೆ ಕಂಪನಿಯ ಸೀಟನ್ನು ಮೂಲ ಕಂಪನಿಯಿಂದಲೇ ಪಡೆಯಲು ಆಗುವುದಾದರೆ ಹಣ ವಾಪಸ್ ಕೇಳುವ ಮುನ್ನ ಒಮ್ಮೆ ಯೋಚಿಸಿ. ಹೊಸ ಬೋರ್ಡಿಂಗ್ ಪಾಸನ್ನು ಮನೆ ಸೇರಿದ ಮೇಲೂ ಎಸೆಯಬೇಡಿ. ಮೊದಲ ಅರ್ಜಿಗೆ ಇಲ್ಲ ಎಂಬ ಉತ್ತರ ಬಂದರೆ ಹದಿಮೂರು ಅಂಕಿಗಳನ್ನೂ ಬರೆದು ಇನ್ನೊಮ್ಮೆ ಕಳಿಸಿ.